ಮಿಂಚುಳ್ಳಿಗೆ ಮೊಸರನ್ನ

ಮಕ್ಕಳೇ, ತಾವರೆ ಕೆರೆಯ ದಂಡೆಯಲ್ಲಿ ಒಂದು ಹೊಂಗೆಮರ. ಅದರ ನೆರಳಿಗೆ ಹೋದರೆ ಸಾಕು, ಎಂಥವರಿಗೂ ತೂಕಡಿಕೆ. ಅಲ್ಲಿ ನೀಲಿ ಎಂಬ ಮಿಂಚುಳ್ಳಿ ಇದ್ದಳು. ಮೇಲಿನ ಕೊಂಬೆಯಲ್ಲಿ ಕರಿಯಪ್ಪ ಎಂಬ ಕಾಗೆ, ಬುಡದಲ್ಲಿ ಕಪ್ಪೆಯಮ್ಮ.

ಒಂದು ದಿನ ಗಾಳಿಪಟದ ದಾರಕ್ಕೆ ಸಿಕ್ಕಿ ನೀಲಿಯ ರೆಕ್ಕೆ ಕೊಯ್ದುಹೋಯಿತು. ದೊಪ್ಪನೆ ಬಿದ್ದಳು, ಪಾಪ! ಎದುರು ಮನೆಯ ಶಿವಲೀಲಾ ಮತ್ತು ಅವಳ ತಂಗಿ ಚಂಪಾ ಓಡಿಬಂದರು. ದಾರ ಬಿಡಿಸಿದರು, ಗಾಯಕ್ಕೆ ಅರಿಶಿನ ಹಚ್ಚಿದರು, ಬುಟ್ಟಿಯಲ್ಲಿ ಹತ್ತಿ ಹಾಸಿ ಜಗಲಿಯಲ್ಲಿ ಮಲಗಿಸಿದರು.

ಅವರ ಮನೆಯಲ್ಲಿ ಯಾರ ಹೊಟ್ಟೆ ಕೆಟ್ಟರೂ ಮೊಸರನ್ನ, ಯಾರು ಅತ್ತರೂ ಮೊಸರನ್ನ. ನೀಲಿಗೂ ಅದನ್ನೇ ಬಡಿಸಿದರು.

"ಅಯ್ಯೋ, ಮೀನಿಲ್ಲವೇ?" ಎಂದಳು ನೀಲಿ. ಮಕ್ಕಳಿಗೆ ಬರೀ ಚಿಕ್ ಚಿಕ್ ಕೇಳಿಸಿತು.

ಅವರು ಒಳಗೆ ಹೋದದ್ದೇ ತಡ, ಕರಿಯಪ್ಪ ಇಳಿದುಬಂದು ಒಂದಗುಳೂ ಬಿಡದೆ ಮುಕ್ಕಿದ.

"ನಾಚಿಕೆಯಿಲ್ಲವೇನೋ? ರೋಗಿಯ ಊಟ ಅದು!" ಕಪ್ಪೆಯಮ್ಮ ಗದರಿದಳು.

"ಅವಳು ತಿನ್ನಲ್ಲ, ನಾನು ಬಿಡಲ್ಲ. ನಿನಗೇನಮ್ಮ ಕಷ್ಟ?"

ಖಾಲಿ ತಟ್ಟೆ ಕಂಡು ಚಂಪಾ ಕುಣಿದಳು. "ಅಕ್ಕಾ, ಎಲ್ಲಾ ತಿಂದಿದೆ!" ಮರುದಿನವೂ ಅದೇ ಕತೆ. ಕರಿಯಪ್ಪ ಉಬ್ಬಿದ, ನೀಲಿ ಸೊರಗಿದಳು.

ಅಂದು ಮಧ್ಯಾಹ್ನ ಶಿವಲೀಲಾ ಬುಟ್ಟಿಯ ಪಕ್ಕದಲ್ಲೇ ನಿದ್ದೆಹೋದಳು. ಕನಸಿನಲ್ಲಿ ಅವಳಿಗೂ ನೀಲಿ ರೆಕ್ಕೆ. ಹಸಿವೋ ಹಸಿವು! ಕೆಳಗೆ ಕೆರೆ ತುಂಬ ಬೆಳ್ಳಿಯಂಥ ಮೀನು, ಆದರೆ ಯಾರೋ ಬಾಯಿಗೆ ಮೊಸರನ್ನ ತುರುಕುತ್ತಿದ್ದಾರೆ. "ಬೇಡ, ನನ್ನನ್ನು ನೀರಿನ ಹತ್ತಿರ ಕರಕೊಂಡು ಹೋಗಿ!" ಎಂದು ಕೂಗಿಕೊಂಡಳು.

ಕಣ್ಣು ಬಿಟ್ಟರೆ ತಟ್ಟೆಯ ಮುಂದೆ ಕಾಗೆ! ಬುಟ್ಟಿಯಲ್ಲಿ ನೀಲಿ ಕೆರೆಯ ಕಡೆಗೇ ಮುಖ ಮಾಡಿ, ಕಣ್ಣು ಮುಚ್ಚುತ್ತಿದ್ದಳು.

"ಚಂಪಾ, ನಾವು ತಟ್ಟೆ ನೋಡಿದೆವೇ ಹೊರತು ಇವಳನ್ನು ನೋಡಲೇ ಇಲ್ಲ ಕಣೇ!" ಶಿವಲೀಲಾ ಅತ್ತೇಬಿಟ್ಟಳು. "ಇವಳಿಗೆ ಮೀನು ಬೇಕು."

"ನಮ್ಮನೇಲಿ ಯಾರೂ ಮೀನು ಮುಟ್ಟಲ್ವಲ್ಲಕ್ಕಾ?"

"ತಿನ್ನೋದು ನಾವಲ್ಲವಲ್ಲ! ಟವೆಲ್ ತಗೊಂಡು ಬಾ."

ಬುಟ್ಟಿಯನ್ನು ದಂಡೆಯಲ್ಲಿಟ್ಟು, ಪಾದ ಮುಳುಗುವಷ್ಟು ನೀರಿನಲ್ಲಿ ಇಬ್ಬರೂ ಟವೆಲನ್ನು ಬಲೆಯ ಹಾಗೆ ಹಿಡಿದು ನಿಂತರು. ಮೊದಲ ಮೀನುಮರಿ ಅಂಗೈಯಲ್ಲಿ ಪುಟಿದಾಗ ಚಂಪಾ ಕಿರುಚಿದಳು, ಆದರೆ ಬಿಡಲಿಲ್ಲ. ನೀಲಿ ಗುಳುಂ ಎಂದು ನುಂಗಿದಳು. ಇನ್ನೊಂದು. ಮತ್ತೊಂದು. ಸಂಜೆಯ ಹೊತ್ತಿಗೆ ಅವಳ ಕಣ್ಣುಗಳು ಪಳಪಳ ಎಂದವು.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ನೀಲಿ ಬುಟ್ಟಿಯಿಂದೆದ್ದು, ಮಕ್ಕಳ ತಲೆಯ ಮೇಲೆ ಒಂದು ಸುತ್ತು ಹಾಕಿ, ಮಂಜಿನೊಳಗೆ ಹಾರಿಹೋದಳು. ಅಕ್ಕತಂಗಿಯರು ಬಹಳ ಹೊತ್ತು ಆ ಕಡೆಗೇ ನೋಡುತ್ತ ನಿಂತರು.

ಕರಿಯಪ್ಪ ಮಾತ್ರ ಜಗಲಿಯಲ್ಲಿ ಕಾಯುತ್ತಲೇ ಇದ್ದ. "ಇವತ್ತೂ ಮೊಸರನ್ನ ಇಲ್ಲವೇ?"

"ರೋಗಿಯೇ ಎದ್ದು ಹೋದಳು. ಇನ್ನು ನಿನಗೇನು ಪಥ್ಯವೋ?" ಎಂದು ಕಪ್ಪೆಯಮ್ಮ ನಕ್ಕಳು.

ನೀತಿ: ಕರುಣೆ ಇರುವವರು ತಟ್ಟೆ ಖಾಲಿಯಾಯಿತೇ ಎಂದಲ್ಲ, ಹೊಟ್ಟೆ ತುಂಬಿತೇ ಎಂದು ನೋಡಬೇಕು.