ಬಾಯಿ ತುಂಬ ಕೆರೆ ನೀರು

ನನ್ನ ಹಳೆಯ ದಿನಚರಿಯಲ್ಲಿ ೧೯೬೮ನೇ ಇಸವಿ ಡಿಸೆಂಬರ್ ಇಪ್ಪತ್ತೆರಡನೇ ತಾರೀಕಿಗೆ ಹೀಗೆ ಬರೆದಿದೆ: ಬೆಳಿಗ್ಗೆ ಗುಡ್ಡ ಹತ್ತಿ ಮೇಲಿನ ಕೆರೆ ನೋಡಿ ಬಂದೆವು. ದಾರಿ ದೂರದ್ದೇನಲ್ಲ, ಮಕ್ಕಳೂ ಎತ್ತಿಕೋ ಅನ್ನದೆ ನಡೆದರು. ನೋಟದ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಕುರಿ ಕಾಯುವ ಮುದುಕಿಯೊಬ್ಬಳು ಒಂದು ಕತೆ ಹೇಳಿದಳು.

ಆ ಕತೆಯನ್ನೇ ಈಗ ಹೇಳ್ತೀನಿ ಚಾರೂ. ಕಾಲು ಒದೆಯೋದು ನಿಲ್ಲಿಸಿ ಸರಿಯಾಗಿ ಹೊದ್ದುಕೋ.

ಒಂದಾನೊಂದು ಕಾಲ ಅಂತಾರಲ್ಲ, ಅದಕ್ಕೂ ಒಂದು ಮಳೆಗಾಲ ಹಿಂದೆ, ಆ ಗುಡ್ಡದ ಬುಡದಲ್ಲಿ ಕುರಿ ಸಾಕಿ ಕಂಬಳಿ ನೇಯುವವರ ಒಂದು ಹಟ್ಟಿ ಇತ್ತಂತೆ. ಅಲ್ಲಿ ಬೊಮ್ಮವ್ವ ಅನ್ನುವವಳು ಇದ್ದಳಂತೆ, ಗಂಡ ತೀರಿಹೋಗಿದ್ದ, ಮೂವರು ಮಕ್ಕಳನ್ನು ಒಬ್ಬಳೇ ದೊಡ್ಡವರನ್ನಾಗಿ ಮಾಡಿದ್ದಳು. ದೊಡ್ಡವನು ಮೈಲಾರ, ನಡುವಿನವನು ಬೀರ, ಕೊನೆಯವಳು ಮಾಳಿ. ಮೈಲಾರನಿಗೆ ತೋಳಲ್ಲಿ ಬಲ, ಬೀರನಿಗೆ ಸೊಂಟ ಮುಟ್ಟುವ ಕೂದಲು, ಮಾಳಿಗೆ ಮಾತು. ಉಣ್ಣುವಾಗಲೂ ಮಾತು, ನೂಲುವಾಗಲೂ ಮಾತು, ನಿದ್ದೆಯಲ್ಲೂ ಕುರಿಗಳ ಜೊತೆ ಜಗಳ. ಅವ್ವಾ, ಇವಳನ್ನು ಮದುವೆ ಮಾಡಿ ಕೊಟ್ಟರೆ ಮೂರೇ ದಿನಕ್ಕೆ ಕಿವಿ ಮುಚ್ಚಿಕೊಂಡು ವಾಪಸು ತಂದು ಬಿಡ್ತಾರೆ ನೋಡು ಅಂತ ಬೀರ ರೇಗಿಸ್ತಿದ್ದನಂತೆ. ಬಿಡಲಿ ಬಿಡೋ, ನನ್ನ ಮನೆ ತುಂಬಿರುತ್ತೆ ಅಂತಿದ್ದಳಂತೆ ಬೊಮ್ಮವ್ವ.

ಆ ಗುಡ್ಡ ಅಂಥ ಎತ್ತರದ್ದೇನಲ್ಲ, ಅಂಬಲಿ ಕುಡಿದು ಹೊರಟರೆ ಬಿಸಿಲೇರುವ ಮೊದಲೇ ಮೇಲೆ ಮುಟ್ಟಬಹುದು. ಮೇಲೆ ಬಂಡೆಗಳ ನಡುವೆ ಕೆರೆ, ತಳದ ಕಲ್ಲುಗಳೆಲ್ಲ ಕಾಣುವಷ್ಟು ತಿಳಿನೀರು. ಕೆರೆಯಿಂದ ಸ್ವಲ್ಪ ಇಳಿದರೆ ನೋಟದ ಬಂಡೆ, ಅಲ್ಲಿ ನಿಂತರೆ ಹಟ್ಟಿಯ ಒಂದೊಂದು ಬಾಗಿಲೂ ಕಾಣುತ್ತೆ. ಯಾರು ಬೇಕಾದರೂ ಹತ್ತಬಹುದಿತ್ತು, ಆದರೆ ಇಳಿಯುವಾಗ ಒಂದು ಕಟ್ಟಳೆ ಇತ್ತಂತೆ. ಕೆರೆಯ ದಂಡೆಯಲ್ಲಿ ಒಂದು ಮರುಳು, ದೆವ್ವ ಅಂತಾರಲ್ಲ ಅದು, ಇದೆ, ನೀರಿಗೆ ಬಿದ್ದು ಸತ್ತವರ ಮುಖ, ಮೈ, ಸೀರೆ, ನಡಿಗೆ ಎಲ್ಲ ತೊಟ್ಟುಕೊಂಡು ಅದು ಮನೆಗೆ ಬರುತ್ತೆ, ಹೊಸಿಲು ದಾಟಿತು ಅಂದರೆ ಮನೆಮಂದಿಯನ್ನೆಲ್ಲ ಕೆರೆಗೆ ಕರಕೊಂಡು ಹೋಗುತ್ತೆ ಅಂತ ಹಟ್ಟಿಯವರು ನಂಬಿದ್ದರು. ಆ ಮರುಳಿಗೆ ಕದಿಯೋಕೆ ಆಗದ್ದು ಒಂದೇ, ದನಿ. ಅದಕ್ಕೇ ಇಳಿಯುವವರು ನೋಟದ ಬಂಡೆಯ ಮೇಲೆ ನಿಂತು ಮನೆ ಕಡೆ ಒಂದು ಕೂಗು ಹಾಕಬೇಕು, ಮನೆಯವರು ಓ, ಬಾ ಅನ್ನಬೇಕು, ಆಮೇಲೆ ಬಾಗಿಲ ಅಗಳಿ ತೆಗೆಯಬೇಕು. ಕೂಗದೆ ಬಂದವರಿಗೆ ಬಾಗಿಲು ತೆಗೆಯುವ ಹಾಗಿಲ್ಲ.

ದೀಪ ಆರಿಸಬೇಡ ಅಂತೀಯಾ? ಆಯ್ತು, ಉರೀಲಿ ಬಿಡು.

ಹೀಗಿರುವಾಗ ಬೊಮ್ಮವ್ವನಿಗೆ ಒಡಲುರಿ ಶುರುವಾಯಿತಂತೆ. ಮೈ ಕೆಂಡ, ಎಷ್ಟು ಕುಡಿದರೂ ಬಾಯಾರಿಕೆ, ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮಕ್ಕಳು ಪಕ್ಕದ ಹಟ್ಟಿಯಿಂದ ಮದ್ದಿನ ಗಿರಿಯಜ್ಜಿಯನ್ನು ಕರಕೊಂಡು ಬಂದರು. ಗಿರಿಯಜ್ಜಿ ನಾಡಿ ಹಿಡಿದು ನೋಡಿ, ಈ ಉರಿ ಆರಬೇಕಾದರೆ ಮೇಲಿನ ಕೆರೆಯ ನೀರೇ ಆಗಬೇಕು ಅಂದಳಂತೆ. ಅದೇನು ಮಹಾ, ಈಗಲೇ ಒಂದು ಕೊಡ ತರ್ತೀನಿ ಅಂತ ಮೈಲಾರ ಎದ್ದೇಬಿಟ್ಟ. ಕೂತ್ಕೊಳ್ಳೋ, ಪೂರ್ತಿ ಕೇಳು ಅಂದಳಂತೆ ಅಜ್ಜಿ. ಆ ನೀರಿಗೆ ಗಡಿಗೆ, ಚೊಂಬು, ಬಟ್ಟೆ, ಎಲೆ ಯಾವುದೂ ತಾಕಬಾರದು, ತಾಕಿದರೆ ಬರೀ ನೀರಾಗುತ್ತೆ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ತಮ್ಮ ಮೈಯಲ್ಲೇ ತರಬೇಕು. ಮೈಯ ಯಾವ ಜಾಗದಲ್ಲಿ ತುಂಬಿಕೊಂಡರೋ ಅಲ್ಲಿಂದಲೇ ಅವ್ವನ ಬಾಯಿಗೆ ಬೀಳಬೇಕು, ನಡುವೆ ಜಾಗ ಬದಲಿಸಿದರೂ ಬರೀ ನೀರೇ. ಒಬ್ಬೊಬ್ಬರಿಗೆ ಒಂದೇ ಸಲ, ಚೆಲ್ಲಿದರೆ ಚೆಲ್ಲಿತು. ಇಷ್ಟು ಹೇಳಿ ಅವಳು ತನ್ನ ಹಟ್ಟಿಗೆ ಹೊರಟುಹೋದಳು.

ಮೊದಲ ದಿನ ಮೈಲಾರ ಹೋದ. ಬೊಗಸೆ ತುಂಬ ನೀರು ತುಂಬಿಕೊಂಡು, ಕೈಗಳನ್ನು ಎದೆಗೆ ಒತ್ತಿಕೊಂಡು, ಬೆರಳ ಸಂದಿಯಿಂದ ಒಂದು ಹನಿಯೂ ಜಾರದ ಹಾಗೆ ಇಳಿದನಂತೆ. ನೋಟದ ಬಂಡೆಯ ಮೇಲೆ ನಿಂತು ಅವ್ವಾ ಅಂತ ಕೂಗಿದ, ಕೆಳಗಿನಿಂದ ಓ, ಬಾ ಅಂತ ಮಾಳಿ ಅಂದಳು. ಆದರೆ ಬಂಡೆಯ ಕೆಳಗೆ ನುಣ್ಣನೆಯ ಇಳಿಜಾರು, ಕೈ ಊರದೆ ಇಳಿಯೋಕೆ ಆಗೋದೇ ಇಲ್ಲ. ಕಾಲು ಜಾರಿತು, ಕೈ ತಾನಾಗೇ ನೆಲ ಹಿಡಿಯಿತು. ಅಷ್ಟು ದೊಡ್ಡ ಗಂಡಸು, ಅಂಗೈ ನೋಡಿಕೊಂಡು ಅಳುತ್ತಾ ಬಂದನಂತೆ.

ಎರಡನೆಯ ದಿನ ಬೀರ. ನಿನ್ನ ತೋಳಲ್ಲಿ ಆಗದ್ದು ನನ್ನ ತಲೆಯಲ್ಲಿ ಆಗುತ್ತೆ ನೋಡಣ್ಣ ಅಂದವನೇ ಹೋಗಿ, ತನ್ನ ಕೂದಲನ್ನೆಲ್ಲ ಕೆರೆಯಲ್ಲಿ ಅದ್ದಿ, ತೊಟ್ಟಿಕ್ಕುತ್ತಿದ್ದದ್ದನ್ನು ಸುತ್ತಿ ಗಂಟು ಹಾಕಿಕೊಂಡು ಓಡಿ ಬಂದನಂತೆ. ಬಿಸಿಲು ಅವನಿಗಿಂತ ಜೋರಾಗಿ ಓಡಿತು. ಅವ್ವನ ತಲೆದಿಂಬಿನ ಹತ್ತಿರ ಕೂತು ಗಂಟು ಬಿಚ್ಚಿ ಹಿಂಡಿದರೆ ಎರಡೇ ಹನಿ. ಬೊಮ್ಮವ್ವ ನಾಲಿಗೆ ಚಾಚಿ ರುಚಿ ನೋಡಿ, ಇದು ಕೆರೆ ನೀರಲ್ಲ ಕಣಪ್ಪಾ, ನಿನ್ನ ತಲೆಬೆವರು ಅಂದಳಂತೆ. ಆ ಸಂಕಟದಲ್ಲೂ ನಾಲ್ಕೂ ಜನ ನಕ್ಕರಂತೆ, ಆಮೇಲೆ ಬೀರ ಹೊರಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಂಡನಂತೆ.

ಮೂರನೆಯ ದಿನ ಉಳಿದವಳು ಮಾಳಿ. ಹೇಗೆ ತರ್ತೀಯೇ ಅಂತ ಅಣ್ಣಂದಿರು ಕೇಳಿದರೆ ಗೊತ್ತಿಲ್ಲ ಅಣ್ಣಾ, ಹೋಗಿ ನೋಡ್ತೀನಿ ಅಂದಳು. ದಾರಿಯುದ್ದಕ್ಕೂ ಗಿಡದ ಜೊತೆ, ಕಲ್ಲಿನ ಜೊತೆ, ದೇವರ ಜೊತೆ ಮಾತಾಡುತ್ತಾ ಹತ್ತಿದಳು. ಕೆರೆಯ ದಂಡೆಯಲ್ಲಿ ಕೂತಳು. ಬಗ್ಗಿ ನೋಡಿದರೆ ಅವಳದೇ ಮುಖ, ಹಿಂದೆ ಆಕಾಶ. ಏನು ಮಾಡಲಿ ಅಂದರೆ ನೀರೊಳಗಿನ ಮಾಳಿಯೂ ಬಾಯಿ ಆಡಿಸಿದಳು. ಹೊತ್ತು ಇಳಿಯುತ್ತಾ ಬಂತು. ಆಗ ಬಂಡೆಯ ಸಂದಿಯಿಂದ ಒಂದು ಕಾಡುಪಾರಿವಾಳ ಬಂದು, ಕೊಕ್ಕು ಅದ್ದಿ, ಮರಿಗಳಿದ್ದ ಗೂಡಿಗೆ ಹಾರಿತಂತೆ. ಮಾಳಿ ಹಣೆ ಚಚ್ಚಿಕೊಂಡಳು. ಅಯ್ಯೋ ನನ್ನ ಬುದ್ಧಿಯೇ, ಅಷ್ಟೊಂದು ದೊಡ್ಡ ಬಾಯಿ ಇದೆಯಲ್ಲ ನಂಗೆ ಅಂತ, ಅದನ್ನೂ ಜೋರಾಗಿ ಹೇಳಿ, ಬಗ್ಗಿ ಬಾಯಿ ತುಂಬ ನೀರು ತುಂಬಿಕೊಂಡು ತುಟಿ ಬಿಗಿದು ಎದ್ದಳಂತೆ.

ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ನುಂಗಬಾರದು, ಕೆಮ್ಮಬಾರದು, ಎಡವಬಾರದು. ಮೂಗಲ್ಲೇ ಉಸಿರಾಡುತ್ತಾ ನೋಟದ ಬಂಡೆಗೆ ಬಂದಳು. ಕಟ್ಟಳೆ ನೆನಪಾದದ್ದು ಆಗ.

ಕೆಳಗೆ ಅಂಗಳದಲ್ಲಿ ಬೀರ ಕಿವಿಗೆ ಕೈ ಹಿಡಿದು ನಿಂತಿದ್ದ. ಮಾಳಿ ಎರಡು ಕೈಯನ್ನೂ ಬೀಸಿದಳು. ಕೂಗೇ ಮಾಳೀ ಅಂದ ಬೀರ. ಮಾಳಿ ಸೆರಗು ಬೀಸಿದಳು, ಕುಣಿದಳು, ಬಾಯಿ ತೋರಿಸಿದಳು. ಅಷ್ಟು ದೂರಕ್ಕೆ ಬಾಯಿ ಎಲ್ಲಿ ಕಾಣುತ್ತೆ? ಕೂಗೇ, ನನ್ನಾಣೆ ಕೂಗೇ ಅಂತ ಬೀರ ಮತ್ತೆ ಅಂದ, ಅವನ ದನಿ ಒಡೆದಿತ್ತಂತೆ. ಊಟದ ನಡುವೆಯೂ ಸುಮ್ಮನಿರದವಳು ಬಂಡೆಯ ಮೇಲೆ ನಿಂತು ಕೂಗುತ್ತಿಲ್ಲ ಅಂದರೆ ಅವಳು ಮಾಳಿಯಲ್ಲ. ಮಾಳಿ ನೋಡುನೋಡುತ್ತಿದ್ದ ಹಾಗೇ ಅವಳ ಅಣ್ಣ ಒಳಗೆ ಓಡಿದ, ಬಾಗಿಲು ಮುಚ್ಚಿತು. ಆಮೇಲೆ ಪಕ್ಕದ ಮನೆಯದೂ ಮುಚ್ಚಿತು, ಅದರ ಪಕ್ಕದ್ದೂ.

ಹಿತ್ತಲ ಬಾಗಿಲು ಇರಲಿಲ್ವಾ ಅಂತೀಯಾ? ಇರಲಿಲ್ಲ ಪುಟ್ಟಾ. ಮರುಳಿಗೆ ಹೆದರಿದವರ ಮನೆಗೆ ಒಂದೇ ಬಾಗಿಲು.

ಮಾಳಿ ಕೂತು ಜಾರಿ ಇಳಿಜಾರು ಇಳಿದಳು, ಮೊಣಕಾಲು ತರಚಿತು, ಬಾಯಿ ಬಿಡಲಿಲ್ಲ. ಬಂದು ಬಾಗಿಲು ಬಡಿದಳು. ಒಳಗಿಂದ ಮೈಲಾರ ಕೇಳಿದನಂತೆ, ಯಾರು? ಮಾಳಿಯಾದರೆ ಹೆಸರು ಹೇಳು. ಅವಳು ಬಾಗಿಲು ಬಡಿದಳು. ಮೈಲಾರ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಆಮೇಲೆ ಅವಳು ಕೈಯ ಹಿತ್ತಾಳೆ ಬಳೆ ಬಿಚ್ಚಿ ಬಾಗಿಲ ಸಂದಿಯಲ್ಲಿ ಒಳಗೆ ತೂರಿದಳು, ಅಪ್ಪ ಕೊಡಿಸಿದ್ದ ಬಳೆ. ಬೀರ ಅದನ್ನು ಎತ್ತಿಕೊಂಡು ಹೋ ಅಂತ ಅತ್ತುಬಿಟ್ಟನಂತೆ. ಅಣ್ಣಾ, ನಮ್ಮ ಹುಡುಗಿಯ ಕೈಯಿಂದ ಬಳೆಯನ್ನೂ ಬಿಚ್ಚಿದೆ ಕಣೋ ಈ ಮರುಳು ಅಂದ. ಎದುರು ಮನೆಯ ಕಿಂಡಿಯಿಂದ ಹೆಂಗಸರು ನೋಡುತ್ತಿದ್ದರು. ಮಾಳಿ ಅವರ ಕಡೆ ತಿರುಗಿ ಉಬ್ಬಿದ ಕೆನ್ನೆ ಮುಟ್ಟಿ ತೋರಿಸಿದಳು, ಬಾಯಿ ತೋರಿಸಿದಳು, ಬಾಗಿಲು ತೋರಿಸಿದಳು. ಅಯ್ಯೋ ಶಿವನೇ, ಬಾಯಿ ತೋರಿಸ್ತಿದೆ, ಮನೆಯವರನ್ನ ತಿನ್ನೋಕೆ ಕೇಳ್ತಿದೆ ಅಂತ ಅವರು ಕಿಂಡಿಗೆ ಚಿಂದಿ ತುರುಕಿದರಂತೆ.

ಮೂರನೆಯ ಸಲ ಮಾತಾಡಿದವಳು ಬೊಮ್ಮವ್ವ. ಹಾಸಿಗೆಯಿಂದ ತೆವಳಿಕೊಂಡು ಬಾಗಿಲವರೆಗೆ ಬಂದಿದ್ದಳು. ಮಗಳೇ, ನೀನಾ? ಒಂದೇ ಸಲ ಅವ್ವಾ ಅನ್ನು, ನಾನೇ ಅಗಳಿ ತೆಗೀತೀನಿ ಅಂದಳಂತೆ. ಮಾಳಿ ಬಾಗಿಲಿಗೆ ಹಣೆ ಒತ್ತಿ ಮೂಗಿನಲ್ಲೇ ಹೂಂ ಅನ್ನಲು ನೋಡಿದಳು, ನೀರು ಗಂಟಲಿಗೆ ಜಾರಿತು, ಹೆದರಿ ನಿಲ್ಲಿಸಿದಳು. ಒಳಗೆ ಬರೀ ಒಂದು ಗುರುಗುರು ಕೇಳಿಸಿತು.

ಬೊಮ್ಮವ್ವ ಅಗಳಿಗೆ ಚಾಚಿದ್ದ ಕೈ ಹಿಂದೆಗೆದಳು. ಆಮೇಲೆ ಮೈಲಾರನಿಗೆ ಹೇಳಿದಳಂತೆ, ನನ್ನ ಮಗಳು ಕೆರೆಯ ಪಾಲಾದಳು ಕಣಪ್ಪಾ. ನನಗೆ ನೀರು ತರೋಕೆ ಹೋಗಿ ಸತ್ತಳು. ನನಗಿನ್ನು ಯಾವ ನೀರೂ ಬೇಡ, ನನ್ನನ್ನು ಹಾಸಿಗೆಗೂ ಒಯ್ಯಬೇಡ. ಇಲ್ಲೇ ಬಿಡು.

ಇದೆಲ್ಲ ಮಾಳಿಗೆ ಕೇಳಿಸಿತು. ಅವ್ವನ ಉಸಿರು ಎಳೆಯುತ್ತಿದ್ದದ್ದೂ ಕೇಳಿಸಿತು. ಬಾಗಿಲು ಒದ್ದಳು, ಉಗುರಲ್ಲಿ ಕೆರೆದಳು. ಬಾಯಿ ಮುಚ್ಚಿಕೊಂಡಿದ್ದರೆ ನೀರು ಉಳಿಯುತ್ತೆ, ಬಾಗಿಲು ತೆಗೆಯೋದಿಲ್ಲ, ಮಗಳನ್ನು ಕೊಂದೆ ಅಂದುಕೊಂಡೇ ಅವ್ವ ಸಾಯ್ತಾಳೆ. ಬಾಯಿ ಬಿಟ್ಟರೆ ಬಾಗಿಲು ತೆಗೆಯುತ್ತೆ, ನೀರು ಹೋಗುತ್ತೆ.

ಅವ್ವಾ, ನಾನೇ ಕಣವ್ವಾ ಅಂದಳಂತೆ ಮಾಳಿ.

ಅಗಳಿ ಸರಿಯಿತು. ಬಾಗಿಲು ತೆಗೆದ ಮೈಲಾರ ಮೊದಲು ನೋಡಿದ್ದು ತಂಗಿಯ ಮುಖ, ಆಮೇಲೆ ಅವಳ ಒದ್ದೆ ಗದ್ದ, ಆಮೇಲೆ ಹೊಸಿಲು. ಹೊಸಿಲ ಕಲ್ಲು ಒದ್ದೆಯಾಗಿತ್ತು, ಅವನು ನೋಡುತ್ತಿದ್ದ ಹಾಗೇ ಒಣಗುತ್ತಿತ್ತು. ಬೀರ ಮೊಣಕಾಲೂರಿ ಅಂಗೈಯಿಂದ ಕಲ್ಲನ್ನು ಒತ್ತಿ ಒತ್ತಿ, ಬಂದ ಪಸೆಯನ್ನು ಅವ್ವನ ತುಟಿಗೆ ಸವರಿದನಂತೆ. ಬರೀ ಮಣ್ಣು ಹತ್ತಿತು.

ಮಾಳಿ ತಿರುಗಿ ಗುಡ್ಡದ ಕಡೆ ಓಡೋಕೆ ಹೊರಟಳು. ಒಂದೇ ಸಲ ಅಂತ ಗೊತ್ತಿದ್ದೂ ಹೊರಟಳು. ಬೊಮ್ಮವ್ವ ಅವಳ ಸೆರಗು ಹಿಡಿದಳಂತೆ. ಎಲ್ಲಿಗೇ ಹೋಗ್ತೀಯಾ? ಇಷ್ಟು ಹೊತ್ತು ಸುಮ್ಮನಿದ್ದು ನನ್ನ ಜೀವ ತೆಗೆದೆ, ಈಗ ಕೂತು ಮಾತಾಡು. ಬಂಡೆಯ ಮೇಲಿಂದ ನನ್ನ ತವರೂರು ಕಂಡಿತಾ? ಮದುವೆಯಾಗಿ ಬಂದ ವರ್ಷ ನಾನು ದಿನಾ ಹತ್ತಿ ನೋಡ್ತಿದ್ದೆ.

ಮಾಳಿ ಬಂಡೆಯ ಮೇಲಿಂದ ನೋಡಿದ್ದು ತಮ್ಮ ಮನೆಯ ಮುಚ್ಚಿದ ಬಾಗಿಲು ಒಂದನ್ನೇ. ಆದರೂ ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳಂತೆ, ಕಂಡಿತು ಅವ್ವಾ, ಚೆನ್ನಾಗಿ ಕಂಡಿತು. ಊರ ಮುಂದಿನ ಬಾವಿ ಕಂಡಿತು, ಮಾವನ ಕುರಿಮಂದೆ ದೂಳೆಬ್ಬಿಸಿಕೊಂಡು ಬರ್ತಿತ್ತು, ಬಾವಿಯ ಪಕ್ಕದ ಹುಣಸೆಮರದ ಕೆಳಗೆ ಯಾರೋ ನಿಂತು ಈ ಕಡೆ ನೋಡ್ತಿದ್ದರು.

ಆ ಹುಣಸೆಮರ ನನ್ನ ಮದುವೆಗೆ ಮುಂಚೆಯೇ ಬಿದ್ದುಹೋಗಿತ್ತಲ್ಲೇ ಅಂದಳಂತೆ ಬೊಮ್ಮವ್ವ, ಅಂದು ಸ್ವಲ್ಪ ನಕ್ಕಳಂತೆ. ಇರಲಿ, ಹೇಳು. ಆಮೇಲೆ?

ಆಮೇಲೆ ಮಾಳಿ ಹೇಳುತ್ತಾ ಹೋದಳು. ಕೆರೆಯ ಕತೆ ಹೇಳಿದಳು, ಪಾರಿವಾಳದ ಕತೆ ಹೇಳಿದಳು, ನೀರೊಳಗಿನ ತನ್ನ ಮುಖದ ಕತೆ ಹೇಳಿದಳು, ದಾರಿಯ ಒಂದೊಂದು ಕಲ್ಲಿನ ಕತೆ ಹೇಳಿದಳು. ನಡುನಡುವೆ ಹೂಂ ಅನ್ನುತ್ತಿದ್ದ ಬೊಮ್ಮವ್ವ ಒಂದು ಕಡೆ ಹೂಂ ಅನ್ನಲಿಲ್ಲ. ಮಾಳಿಗೆ ಗೊತ್ತಾಯಿತು, ಆದರೂ ಹೇಳುತ್ತಿದ್ದ ಮಾತನ್ನು ಮುಗಿಸಿದಳಂತೆ.

ಮಣ್ಣು ಮಾಡಿ ಬಂದ ಮೇಲೆ ಮೈಲಾರ ತನ್ನ ಮನೆಯ ಅಗಳಿಯನ್ನು ಕಿತ್ತು ಒಲೆಗೆ ಹಾಕಿದ. ಎದುರು ಮನೆಯವರೂ ಕಿತ್ತರು, ಹಟ್ಟಿಯವರೆಲ್ಲ ಕಿತ್ತರು. ಮೊದಲು ಒಳಗೆ ಕರೆಯೋದು, ಆಮೇಲೆ ಯಾರು ಅಂತ ಕೇಳೋದು ಅಂತ ಮಾಡಿಕೊಂಡರಂತೆ. ಯಾವ ಮರುಳೂ ಬರಲಿಲ್ಲ, ಮಳೆಗೆ ಸಿಕ್ಕಿಕೊಂಡ ದಾರಿಹೋಕರು ಬಂದರು, ದಾರಿ ತಪ್ಪಿದ ಕುರಿ ಬಂದವು. ಅಣ್ಣಂದಿರು ಮಾಳಿಗೆ ಒಳ್ಳೆಯ ಮನೆ ನೋಡಿ ಮದುವೆ ಮಾಡಿದರು, ಅವಳನ್ನು ಯಾರೂ ವಾಪಸು ತಂದು ಬಿಡಲಿಲ್ಲ, ಮೂರು ಮಕ್ಕಳಾದವು, ಮನೆ ತುಂಬಿತು.

ನಿದ್ದೆ ಬಂತಾ ಚಾರೂ? ಕತೆ ಇಲ್ಲಿಗೆ ಬಂದು ಮಲಗಿತು, ನೀನೂ ಮಲಗು.

ಆ ಒಂದು ಕೂಗಿಗೆ ಬೊಮ್ಮವ್ವನ ಜೀವ ಹೋಯಿತು. ಅವಳದು ಇನ್ನೂ ತಲೆ ನರೆಯದ ವಯಸ್ಸು. ಬೀರ ತಲೆ ಬೋಳಿಸಿಕೊಂಡವನು ಮತ್ತೆ ಕೂದಲು ಬಿಡಲಿಲ್ಲ. ಮಾಳಿ ಮಾತು ಬಿಡಲಿಲ್ಲ, ಆದರೆ ಬದುಕಿರುವ ತನಕ, ಯಾರಾದರೂ ಕರೆದರೆ, ಬಾಯಿ ಬಿಡುವ ಮೊದಲು ಒಂದು ಸಲ ನುಂಗುತ್ತಿದ್ದಳಂತೆ.