ಬೋಳುಬಂಡೆಗೆ ಬಂದ ನೆಂಟರು

ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗಿರಲಿಲ್ಲ. ಬೆಟ್ಟ ಮುಟ್ಟಿದ್ರೆ ಕೈಗೆ ಹಸಿರು ಅಂಟ್ಕೋತಿತ್ತು. ಆಗ ಮಳೆರಾಯ ಮಣ್ಣು ಹಂಚೋಕೆ ಹೊರಟ. ಮಹಾ ಸೋಮಾರಿ! ಮೇಲಿಂದ ಹಂಗೇ ಸುರಿದುಬಿಟ್ಟ. ಎಲ್ಲಾ ಜಾರ್ಕೊಂಡು ಹೋಗಿ ಕೆಳಗಿನ ತಗ್ಗಿಗೆ ಬಿತ್ತು.

"ನನ್ನ ಪಾಲು?" ಅಂದ ಮೇಲಿದ್ದ ಬಂಡೆಯಜ್ಜ. ಬಂಡೆಗಳು ಹುಟ್ಟುತ್ತಲೇ ಅಜ್ಜ, ಗೊತ್ತಲ್ಲ?

"ಮುಗೀತಲ್ಲೋ," ಅಂದ ಮಳೆರಾಯ, ಕೈ ಒರೆಸ್ಕೊಂಡು.

ತಗ್ಗಿಗೆ ಸೊಕ್ಕು ಬಂತು. "ಏ ಬೋಳುತಲೆ, ನಿನ್ನ ಮನೆಗೆ ಯಾರು ಬರ್ತಾರೋ?"

ಒಬ್ಬರಾದ್ರೂ ಜೊತೆಗಿರಲಿ ಅಂತ ಅಜ್ಜನಿಗೆ ಆಸೆ.

ಗಿಡಗಳೆಲ್ಲ ತಗ್ಗಿಗೇ ನುಗ್ಗಿದ್ವು. ಜೊಂಡುಹುಲ್ಲು ಆ ಕೊಬ್ಬಿದ ಮಣ್ಣು ತಿಂದು ತಿಂದು ಆಳೆತ್ತರ ಬೆಳೀತು. ಅದರ ಕಾಲಡಿ ಇದ್ದ ಪುಟಾಣಿ ಗಿಡಗಳಿಗೆ ಮಟಮಟ ಮಧ್ಯಾಹ್ನಾನೂ ಕತ್ತಲೆ.

"ಜೊಂಡಣ್ಣ, ಚೂರು ಬಿಸಿಲು ಬಿಡೋ, ಸತ್ತೋಗ್ತೀವಿ!"

"ಉದ್ದ ಬೆಳೀರಿ. ಯಾರು ಬೇಡ ಅಂದ್ರು?"

ಗಾಳಿಯಕ್ಕನಿಗೆ ಪಿತ್ತ ನೆತ್ತಿಗೇರ್ತು. ಪುಟಾಣಿಗಳ ಬೀಜಾನೆಲ್ಲ ಸೆರಗಲ್ಲಿ ಕಟ್ಕೊಂಡು ಮೇಲೆ ಬಂದ್ಲು.

"ಬಂಡೆಯಜ್ಜ, ಇವರಿಗೆ ಜಾಗ ಇದ್ಯಾ?"

ಅಜ್ಜನಿಗೆ ಖುಷಿ, ನಾಚಿಕೆ ಎರಡೂ. "ಬಿರುಕಲ್ಲಿ ಚಿಟಿಕೆ ಮಣ್ಣಿದೆ. ಮಳೆ ಬಂದ್ರೆ ಗುಂಡೀಲಿ ನೀರು. ಬೇಸಿಗೇಲಿ ಮಾತ್ರ ದೋಸೆಹೆಂಚು ನಾನು."

"ಬಿಸಿಲು?" ಅಂದ್ವು ಬೀಜಗಳು.

"ಬೇಡ ಅಂದ್ರೂ ಬೀಳತ್ತೆ!"

ಆಹಾ, ಎಂಥಾ ಚಾಲಾಕು ಅಂತೀಯ ಅವು! ನೀಲಿಹೂವಿನ ಗಿಡ ಗುಂಡಿ ಹಿಡೀತು. ಹಳದಿಹೂವಿಂದು ಬಿರುಕಲ್ಲಿ ಕಾಲು ತೂರಿಸ್ತು. ಪಾಚಿ ನೆರಳಿನ ಮಗ್ಗುಲಲ್ಲಿ ಮಲಗ್ತು. ಕೆಂಪನೆ ಪುಟ್ಟಿ ಒಬ್ಬಳಿಗೆ ಊಟ ಸಾಲ್ಲಿಲ್ಲ. ಎಲೆಗೆ ಅಂಟು ಬಳ್ಕೊಂಡು ಸೊಳ್ಳೆ ಹಿಡಿದು ನುಂಗಿದ್ಲು! ಯಾರೂ ಯಾರ ಬಿಸಿಲಿಗೂ ಅಡ್ಡ ನಿಲ್ಲಲಿಲ್ಲ. ಅಷ್ಟೆತ್ತರ ಬೆಳೆಯೋಕೆ ಅಲ್ಲಿ ಊಟಾನೇ ಇರಲಿಲ್ಲ ಬಿಡು.

ಬೇಸಿಗೆ ಬಂತು. ಎಲ್ಲಾ ಒಣಗಿ ಪುಡಿಪುಡಿ.

"ಹೋದ್ರಾ ನೆಂಟರು?" ಅಂತ ತಗ್ಗು ಕಿಸಕ್ಕಂತು. ಅಜ್ಜ ಒಬ್ಬನೇ ಸುಡ್ತಾ ಕೂತ.

ಮೊದಲ ಮಳೆ ಬಿತ್ತು. ಬಿರುಕಿಂದ ಹಸಿರು ಮೂತಿಗಳು ಇಣುಕಿದ್ವು. "ನಿದ್ದೆ ಮಾಡ್ತಿದ್ವಿ ಅಜ್ಜ. ಅಯ್ಯೋ, ಅಳ್ತಿದ್ಯಾ?"

"ಥೂ, ಮಳೆನೀರು ಕಣ್ರೋ!"

ಆ ಹೂವಿನ ಸಂಭ್ರಮ ನೋಡಿ ಜೊಂಡೂ ಹತ್ತಿ ಬಂತು. ಬೇರು ಇಳಿಸ್ತು. ಟಣ್!

"ಕಾಲಿಡೋಕೆ ಜಾಗಾನೇ ಇಲ್ವಲ್ಲ ಅಜ್ಜ!"

"ಇದೆಯಪ್ಪ. ನಿನ್ನ ಕಾಲೇ ದೊಡ್ಡದು."

ಅದಕ್ಕೇ ಇವತ್ತಿಗೂ ಮಳೆಗಾಲದಲ್ಲಿ ಕೊಬ್ಬಿದ ತಗ್ಗಲ್ಲಿ ಬರೀ ಜೊಂಡು, ಬೋಳುಬಂಡೆ ಮೇಲೆ ಅಂಗೈಯಗಲ ಜಾಗದಲ್ಲಿ ಎಷ್ಟೊಂದು ಬಗೆ ಹೂವು. ಹತ್ತೋವಾಗ ಚಪ್ಪಲಿ ಬಿಟ್ಟು, ನೋಡ್ಕೊಂಡು ಹತ್ತು ಮರಿ, ನಿನ್ನ ಕಾಲೂ ದೊಡ್ಡದೇ.