ಉಕ್ಕಿನ ಗೇರು

ಮಠದ ಶಾಲೆಗೆ ಬೆಂಚು ಮಾಡಿಸುವ ಹೊಣೆ ಹೊತ್ತಿದ್ದ ಶಿಷ್ಯ ನಿಜಗುಣ ಗುರುಗಳ ಬಳಿ ಬಂದು ಕೇಳಿದ:

"ಬುದ್ಧಿ, ಬೆಂಚಿನ ಮೇಲ್ಹಲಗೆಗೆ ಸಾಗುವಾನಿ ಹಾಕಿ, ಅಡಿಯ ಪಟ್ಟಿಗಳಿಗೆ ಅಗ್ಗದ ಮರ ಹಾಕೋಣ ಎನ್ನುತ್ತಾನೆ ಬಡಗಿ. ಅಡಿಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದ ಕಡೆ ಕಡಿಮೆ ಮಾಡಿದರೆ ತಪ್ಪೇನು?"

ಗುರುಗಳು ಕುಳಿತುಕೊಳ್ಳುವಂತೆ ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವ್ಯಾಪಾರಿಯಿದ್ದ. ರಿಮೋಟಿನಿಂದ ಓಡುವ ಆಟದ ಟ್ಯಾಂಕುಗಳನ್ನು ಮಾರುತ್ತಿದ್ದ. ಯುದ್ಧದ ಟ್ಯಾಂಕಿನ ತದ್ರೂಪುಗಳವು, ಮೊಳದುದ್ದ ಇರುತ್ತಿದ್ದವು. ಕೊಂಡವರಿಗೆ ಜೋಡಿಸುವ ಕೆಲಸವಿರಲಿಲ್ಲ. ಪೆಟ್ಟಿಗೆಯಿಂದ ತೆಗೆದು ಬ್ಯಾಟರಿ ಹಾಕಿದರೆ ಓಡುತ್ತಿದ್ದವು. ಅವನಲ್ಲಿ ಎರಡು ಬಗೆಯವಿದ್ದವು. ದೂರದಿಂದ ನೋಡಿದರೆ ಎರಡೂ ಒಂದೇ: ಅದೇ ಹಸಿರು ಬಣ್ಣ, ಅದೇ ತಿರುಗುವ ತೋಪು, ಅದೇ ಎಂಜಿನ್ ಸದ್ದು. ಒಂದರ ಒಳಗಿನ ಗೇರು ಪ್ಲಾಸ್ಟಿಕ್ಕಿನದು, ಚಕ್ರಗಳ ಮೇಲೆ ಸುತ್ತುವ ಚೈನೂ ಪ್ಲಾಸ್ಟಿಕ್ಕಿನದು. ಇನ್ನೊಂದರಲ್ಲಿ ಎರಡೂ ಉಕ್ಕಿನವು. ಮೊದಲಿನದಕ್ಕೆ ಆರು ಸಾವಿರ, ಎರಡನೆಯದಕ್ಕೆ ಇಪ್ಪತ್ತೈದು ಸಾವಿರ. ವ್ಯಾಪಾರಿ ಈ ವ್ಯತ್ಯಾಸವನ್ನು ಮುಚ್ಚಿಡುತ್ತಿರಲಿಲ್ಲ. ಮಕ್ಕಳು ನಾಲ್ಕು ದಿನ ಆಡಿದರೆ ಸಾಕು ಎಂದವರಿಗೆ ಅಗ್ಗದ್ದನ್ನೇ ಕೊಡುತ್ತಿದ್ದ. ಅವರೂ ಸಂತೋಷದಿಂದ ಒಯ್ಯುತ್ತಿದ್ದರು.

ಒಂದು ದಿನ ನಿವೃತ್ತ ಸೈನಿಕನೊಬ್ಬ ಅಂಗಡಿಗೆ ಬಂದ. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಟ್ಯಾಂಕ್ ಓಡಿಸಿದವನು. ಅವನ ಟ್ಯಾಂಕಿನಲ್ಲಿ ತೋಪು ಹಾರಿಸುತ್ತಿದ್ದ ಗೆಳೆಯ ಈಗ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ಮಾತು ನಿಂತಿತ್ತು. ಬಲಗೈಗೆ ಸ್ವಾಧೀನವಿರಲಿಲ್ಲ. ಎಡಗೈ ಆಡುತ್ತಿತ್ತು, ಆದರೆ ಅದನ್ನು ಆಡಿಸುವ ಮನಸ್ಸು ಅವನಿಗಿರಲಿಲ್ಲ. ತುತ್ತು ಬಾಯಿಗಿಡಲೂ ಹೆಂಡತಿಯೇ ಬೇಕಿತ್ತು. ರಿಮೋಟು ಹಿಡಿಸಿದರೆ ಆ ಕೈಗೆ ಆಸೆ ಹುಟ್ಟೀತು ಎಂಬುದು ಸೈನಿಕನ ಎಣಿಕೆ. ಇದನ್ನೆಲ್ಲ ವ್ಯಾಪಾರಿಗೆ ಹೇಳಿ, ಉಕ್ಕಿನದೇ ಬೇಕು ಎಂದ. ಅಂದೇ ಗೆಳೆಯನ ಊರಿಗೆ ಹೊರಟಿದ್ದ.

ಉಕ್ಕಿನ ಟ್ಯಾಂಕು ಅಂದು ಅಂಗಡಿಯಲ್ಲಿರಲಿಲ್ಲ. ಇಲ್ಲವೆಂದರೆ ಗಿರಾಕಿ ಕೈತಪ್ಪುತ್ತಾನೆ. ಅರ್ಧ ಗಂಟೆ ಬಿಟ್ಟು ಬನ್ನಿ ಎಂದ ವ್ಯಾಪಾರಿ. ಸೈನಿಕ ಚಹಾ ಕುಡಿದು ಬರುವಷ್ಟರಲ್ಲಿ, ಬಿಡಿಭಾಗವಾಗಿ ಬಂದಿದ್ದ ಉಕ್ಕಿನ ಚೈನನ್ನು ಅಗ್ಗದ ಟ್ಯಾಂಕೊಂದಕ್ಕೆ ತೊಡಿಸಿಟ್ಟ. ಕೈಗೆತ್ತಿಕೊಂಡರೆ ಒಳ್ಳೆಯ ತೂಕವಿತ್ತು. ಒಳಗಿನ ಗೇರು ಮಾತ್ರ ಪ್ಲಾಸ್ಟಿಕ್ಕಿನದೇ ಉಳಿಯಿತು. ಅದನ್ನು ಇಪ್ಪತ್ತೈದು ಸಾವಿರಕ್ಕೆ ಮಾರಿದ. ಅಂದು ಹೊಟ್ಟೆ ತುಂಬ ಉಂಡು ಮಲಗಿದ. ನಿದ್ದೆಯೂ ಬಂತು.

ಸೈನಿಕ ಗೆಳೆಯನ ಮಂಚದ ಮುಂದೆ ಟ್ಯಾಂಕನ್ನು ಇಟ್ಟು ಚಾಲೂ ಮಾಡಿದ. ಎಂಜಿನ್ ಸದ್ದು ಕೇಳಿ ಗೆಳೆಯ ಮುಖ ತಿರುಗಿಸಿದ. ಎಡಗೈಗೆ ರಿಮೋಟು ಕೊಟ್ಟಾಗ ಬೆರಳು ತಾನಾಗಿ ಅದರ ಕಡ್ಡಿಯನ್ನು ಮುಂದಕ್ಕೆ ತಳ್ಳಿತು. ಮಡಿಸಿಟ್ಟ ಕಂಬಳಿಯನ್ನು ಟ್ಯಾಂಕು ಹತ್ತಿ ಇಳಿಯಿತು. ಹೆಂಡತಿ ಒಲೆ ಆರಿಸಿ ಬಂದು ನೋಡುತ್ತ ನಿಂತಳು. ಎರಡನೆಯ ಸಲ ಹತ್ತುವಾಗ ಒಳಗೆ ಕರಕರ ಸದ್ದಾಯಿತು. ಉಕ್ಕಿನ ಚೈನಿನ ಭಾರಕ್ಕೆ ಪ್ಲಾಸ್ಟಿಕ್ ಗೇರಿನ ಹಲ್ಲುಗಳು ಮುರಿದಿದ್ದವು. ಟ್ಯಾಂಕು ನಿಂತಿತು. ತನ್ನ ಕೈಯಿಂದಲೇ ಕೆಟ್ಟಿತು ಎಂದುಕೊಂಡ ಗೆಳೆಯ. ರಿಮೋಟನ್ನು ಬಿಟ್ಟು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ.

ಸೈನಿಕ ಅಲ್ಲೇ ಕುಳಿತು ಟ್ಯಾಂಕನ್ನು ಬಿಚ್ಚಿದ. ಒಳಗಿದ್ದುದನ್ನು ನೋಡಿದ. ಮರುದಿನ ಆ ಊರಿನಲ್ಲಿ ಲೋಹ ಕಡೆಯುವ ಲೇತ್ ಕೆಲಸದವನಿಂದ ಅದೇ ಅಳತೆಯ ಉಕ್ಕಿನ ಗೇರು ಮಾಡಿಸಿ ಹಾಕಿದ. ಟ್ಯಾಂಕು ಓಡಿತು. ಆದರೆ ಗೆಳೆಯನ ಕೈ ಹೊದಿಕೆಯಿಂದ ಹೊರಗೆ ಬರಲಿಲ್ಲ. ಸೈನಿಕ ಅಲ್ಲೇ ಉಳಿದ. ದಿನವೂ ಟ್ಯಾಂಕನ್ನು ತಾನೇ ಓಡಿಸುತ್ತ, ಬೇಕೆಂದೇ ಗೋಡೆಗೆ ಗುದ್ದಿಸುತ್ತ ಕುಳಿತ. ಒಂಬತ್ತನೆಯ ದಿನ ಗೆಳೆಯ ತಡೆಯಲಾರದೆ ರಿಮೋಟಿಗೆ ಕೈಚಾಚಿದ.

ಮರಳುವಾಗ ಸೈನಿಕ ಪಟ್ಟಣದಲ್ಲಿ ಬಸ್ ಇಳಿದು ಅಂಗಡಿಗೆ ಬಂದ. ದೂರದಿಂದಲೇ ಅವನನ್ನು ಕಂಡ ವ್ಯಾಪಾರಿ ಉತ್ತರಗಳನ್ನು ಹೊಂದಿಸಿಕೊಂಡ: ಮರಳಲ್ಲಿ ಓಡಿಸಿರಬೇಕು, ನೀರು ತಾಗಿರಬೇಕು, ಎಲ್ಲಿಂದಲೋ ಕೆಳಗೆ ಬಿದ್ದಿರಬೇಕು. ಸೈನಿಕ ಮುರಿದ ಗೇರುಗಳನ್ನು ಮೇಜಿನ ಮೇಲೆ ಇಟ್ಟ. ಮಂಚದ ಮುಂದೆ ನಡೆದುದನ್ನು ಹೇಳಿದ. ಹೊದಿಕೆಯೊಳಗೆ ಹೋದ ಕೈಯ ಸಂಗತಿ ಹೇಳಿದ. ಒಂಬತ್ತು ದಿನ ಕಾದದ್ದನ್ನೂ ಹೇಳಿದ. ಹೇಳುವಾಗ ಎಲ್ಲಿಯೂ ಅವನ ದನಿ ಏರಲಿಲ್ಲ.

"ಸಾಹುಕಾರರೇ, ನಿಮಗೆ ಯಾರೋ ಮೋಸ ಮಾಡಿದ್ದಾರೆ" ಎಂದ. "ಉಕ್ಕಿನದೆಂದು ಹೇಳಿ ಒಳಗೆ ಪ್ಲಾಸ್ಟಿಕ್ ಇಟ್ಟು ಕಳಿಸಿದ್ದಾರೆ. ನಿಮ್ಮಲ್ಲಿ ಉಳಿದವೂ ಹೀಗೇ ಇರಬಹುದು. ಇನ್ನೂ ನಾಲ್ಕು ಜೊತೆ ಉಕ್ಕಿನ ಗೇರು ಮಾಡಿಸಿ ತಂದಿದ್ದೇನೆ. ಹಾಕಿ ಮಾರಿ."

ಕಾಗದದ ಪೊಟ್ಟಣವೊಂದನ್ನು ಮುಂದಕ್ಕೆ ಸರಿಸಿದ.

ವ್ಯಾಪಾರಿ ಗಲ್ಲಾಪೆಟ್ಟಿಗೆ ತೆರೆದು, ನಿಮ್ಮ ಹಣ ಹಿಂದಕ್ಕೆ ಕೊಡುತ್ತೇನೆ ಎಂದ. ಸೈನಿಕ ಬೇಡವೆಂದ.

"ಮೋಸ ಹೋದವರು ಇಬ್ಬರೂ. ನಷ್ಟವನ್ನು ನೀವೊಬ್ಬರೇ ಏಕೆ ಹೊರಬೇಕು?"

ಇಷ್ಟು ಹೇಳಿ ಬಸ್ ನಿಲ್ದಾಣದ ಕಡೆ ನಡೆದ.

ವ್ಯಾಪಾರಿ ಪೊಟ್ಟಣವನ್ನು ನೋಡುತ್ತ ಕುಳಿತ. ಸೈನಿಕ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ದೂರು ಕೊಡುತ್ತೇನೆ ಎಂದಿದ್ದರೆ ವಾದಿಸಬಹುದಿತ್ತು. ತನ್ನನ್ನು ಒಳ್ಳೆಯವನೆಂದು ತಿಳಿದು ಹೋದವನ ಮುಂದೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಕೊನೆಗೆ ಹಣ ಹಿಡಿದುಕೊಂಡು, ಅಂಗಡಿಯ ಬಾಗಿಲನ್ನೂ ಹಾಕದೆ ಬಸ್ ನಿಲ್ದಾಣಕ್ಕೆ ಓಡಿದ. ಸೈನಿಕ ಇನ್ನೂ ಬಸ್ಸಿಗೆ ಕಾಯುತ್ತಿದ್ದ.

"ಯಜಮಾನರೇ, ನನಗೆ ಯಾರೂ ಮೋಸ ಮಾಡಲಿಲ್ಲ. ಮಾಡಿದವನು ನಾನು."

ಹೆಚ್ಚಿಗೆ ಪಡೆದಿದ್ದ ಹಣವನ್ನು ವ್ಯಾಪಾರಿ ಮುಂದೆ ಹಿಡಿದಾಗ ಈ ಸಲ ಸೈನಿಕ ಬೇಡವೆನ್ನಲಿಲ್ಲ. ತೆಗೆದುಕೊಂಡು ಜೇಬಿಗಿಟ್ಟ. ಬಸ್ ಬಂತು. ಹತ್ತುವ ಮೊದಲು, ಗೇರು ಹಾಕುವಾಗ ಗ್ರೀಸು ಮರೆಯಬೇಡಿ ಎಂದಷ್ಟೇ ಹೇಳಿದ.

ಅಂದಿನಿಂದ ವ್ಯಾಪಾರಿ, ಗಿರಾಕಿ ಕೇಳಲಿ ಬಿಡಲಿ, ಟ್ಯಾಂಕಿನ ಅಡಿಯ ಮುಚ್ಚಳ ಬಿಚ್ಚಿ ಗೇರು ತೋರಿಸಿಯೇ ಮಾರತೊಡಗಿದ. ಪ್ಲಾಸ್ಟಿಕ್ಕನ್ನು ಕಂಡು ಕೆಲವರು ಕೊಳ್ಳದೆ ಹಿಂದಿರುಗಿದರು. ವ್ಯಾಪಾರ ಮತ್ತೆ ಮೊದಲಿನಷ್ಟು ಆಗಲಿಲ್ಲ.

ಗುರುಗಳು ಕತೆ ಮುಗಿಸಿದರು. ನಿಜಗುಣ ಯೋಚಿಸಿ ಹೇಳಿದ:

"ಆ ಸೈನಿಕ ಬಲು ಮುಗ್ಧ, ಬುದ್ಧಿ. ವ್ಯಾಪಾರಿ ತಾನಾಗಿ ಹೋಗಿ ಹೇಳದಿದ್ದರೆ ನಿಜ ಅವನಿಗೆ ತಿಳಿಯುತ್ತಲೇ ಇರಲಿಲ್ಲ."

ಗುರುಗಳು ಕೇಳಿದರು:

"ಅವನಿಗೆ ತಿಳಿದಿರಲಿಲ್ಲ ಎಂದು ನಿನಗೆ ಹೇಳಿದವರು ಯಾರು?"